ಥಾಮಸ್ ಯೋಹಾನ್ ಸೀಬೆಕ್

ಥಾಮಸ್ ಯೋಹಾನ್ ಸೀಬೆಕ್ (9 ಏಪ್ರಿಲ್ 1770 – 10 ಡಿಸೆಂಬರ್ 1831) ಬಾಲ್ಟಿಕ್ ಜರ್ಮನ್ ಮನೆತನದ ಭೌತವಿಜ್ಞಾನಿ. ಎರಡು ಬೇರೆ ಬೇರೆ ಲೋಹಗಳ ತುದಿಗಳನ್ನು ಬೆಸೆದು ಒಂದು ಸುತ್ತು ಮಾಡಿ, ಒಂದು ಬೆಸುಗೆಯನ್ನು ಕಾಯಿಸಿ ಇನ್ನೊಂದನ್ನು ತಂಪಾಗಿರಿಸಿದರೆ ಸಮೀಪದಲ್ಲಿಟ್ಟ ಕಾಂತಸೂಜಿ ಹೊರಳುತ್ತದೆಂಬುದನ್ನು 1821ರಲ್ಲಿ ಕಂಡುಹಿಡಿದ. ಈ ವಿದ್ಯಮಾನಕ್ಕೆ ಇಂದು ಸೀಬೆಕ್ ಪರಿಣಾಮ ಎಂದು ಹೆಸರು. ಕುಲುಮೆಗಳ ತಾಪವನ್ನು ಅಳೆಯುವ ಉಷ್ಣಯುಗ್ಮ, ದೂರದ ಗ್ರಹಗಳತ್ತ ಸಾಗಿದ ವ್ಯೋಮನೌಕೆಗಳ ವಿದ್ಯುಜ್ಜನಕ, ವ್ಯರ್ಥವಾಗುವ ಶಾಖದಿಂದ ವಿದ್ಯುತ್ತನ್ನು ಪಡೆಯಲು ರೂಪಿಸುತ್ತಿರುವ ತೆಳುಪದರದ ವಸ್ತುಗಳು ಇವೆಲ್ಲಕ್ಕೂ ಇದೇ ಆಧಾರ. ಆದರೆ ಈ ಪ್ರಯೋಗದಲ್ಲಿ ವಿದ್ಯುತ್ತು ಹರಿಯುತ್ತಿದೆ ಎಂಬುದನ್ನು ಸೀಬೆಕ್ ಸ್ವತಃ ಒಪ್ಪಲಿಲ್ಲ. ಶಾಖವು ಲೋಹಗಳನ್ನು ನೇರವಾಗಿ ಕಾಂತಗಳನ್ನಾಗಿಸುತ್ತದೆ ಎಂಬುದು ಆತನ ನಂಬಿಕೆಯಾಗಿತ್ತು.

ಕನ್ನಡದಲ್ಲಿ ಉಷ್ಣವಿದ್ಯುತ್ ಎಂಬ ಪದ ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ಕಲ್ಲಿದ್ದಲನ್ನು ಉರಿಸಿ, ನೀರನ್ನು ಹಬೆಯಾಗಿಸಿ, ಆ ಹಬೆಯಿಂದ ಟರ್ಬೈನು ತಿರುಗಿಸಿ ಪಡೆಯುವ ವಿದ್ಯುತ್ತು ಒಂದು. ಟರ್ಬೈನಾಗಲಿ ಚಲಿಸುವ ಯಾವುದೇ ಭಾಗವಾಗಲಿ ಇಲ್ಲದೆ, ವಸ್ತುವಿನ ಎರಡು ತುದಿಗಳ ತಾಪಗಳ ಅಂತರದಿಂದಲೇ ಹುಟ್ಟುವ ವಿದ್ಯುತ್ತು ಇನ್ನೊಂದು. ಈ ಲೇಖನದಲ್ಲಿ ಪದವನ್ನು ಎರಡನೆಯ ಅರ್ಥದಲ್ಲಿ ಬಳಸಲಾಗಿದೆ.

ಜನನ ಮತ್ತು ಶಿಕ್ಷಣ

ಸೀಬೆಕ್ ಜನಿಸಿದ್ದು ಬಾಲ್ಟಿಕ್ ಸಮುದ್ರದ ತೀರದ ರೆವಾಲ್ ನಗರದಲ್ಲಿ. ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಈ ಊರು ಇಂದು ಎಸ್ಟೋನಿಯದ ರಾಜಧಾನಿ ಟ್ಯಾಲಿನ್. ತಂದೆ ಅನುಕೂಲಸ್ಥ ಜರ್ಮನ್ ವರ್ತಕ. ಮಗ ವೈದ್ಯನಾಗಲೆಂದು ಬಯಸಿ ಬರ್ಲಿನ್ನಿಗೆ ಕಳುಹಿಸಿದ. ಅಲ್ಲಿಯೂ ಬಳಿಕ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿಯೂ ಓದಿ, 1802ರಲ್ಲಿ ಗಾಟಿಂಗೆನ್ನಿನಿಂದ ವೈದ್ಯಕೀಯ ಪದವಿ ಪಡೆದ. ಆದರೆ ಈತನ ಮನಸ್ಸು ವೈದ್ಯವೃತ್ತಿಯಲ್ಲಿ ನಿಲ್ಲಲಿಲ್ಲ. ಮನೆಯ ಸಂಪತ್ತು ಜೀವನಕ್ಕೆ ಸಾಕಾಗುವಷ್ಟಿದ್ದುದರಿಂದ ಸಂಬಳದ ಹಂಗಿಲ್ಲದೆ ಭೌತವಿಜ್ಞಾನದ ಪ್ರಯೋಗಗಳಿಗೆ ತನ್ನನ್ನು ಒಪ್ಪಿಸಿಕೊಂಡ.

ಯೇನಾದಲ್ಲಿ

1802ರಿಂದ 1810ರವರೆಗೆ ಸೀಬೆಕ್ ಯೇನಾ ನಗರದಲ್ಲಿ ನೆಲೆಸಿದ್ದ. ತತ್ತ್ವಜ್ಞಾನ, ಕಾವ್ಯ, ವಿಜ್ಞಾನ ಮೂರೂ ಒಂದೇ ಅಂಗಳದಲ್ಲಿ ಕಲೆಯುತ್ತಿದ್ದ ಕಾಲ ಅದು. ತತ್ತ್ವಜ್ಞಾನಿಗಳಾದ ಶೆಲಿಂಗ್ ಮತ್ತು ಹೆಗೆಲ್, ಅತಿನೇರಳೆ ಕಿರಣಗಳನ್ನು ಕಂಡುಹಿಡಿದ ರಿಟ್ಟರ್, ಮಹಾಕವಿ ಗಯಟೆ ಮುಂತಾದವರ ಸಂಪರ್ಕ ಈತನಿಗೆ ಒದಗಿತು. ಪ್ರಕೃತಿಯ ಶಕ್ತಿಗಳೆಲ್ಲ ಮೂಲದಲ್ಲಿ ಒಂದೇ, ಅವು ಪರಸ್ಪರ ವಿರುದ್ಧವಾದ ಎರಡು ಧ್ರುವಗಳಾಗಿ ತೋರಿಕೊಳ್ಳುತ್ತವೆ ಎಂಬ ವಿಚಾರ ಈ ಬಳಗದಲ್ಲಿ ಬಲವಾಗಿತ್ತು. ಸೀಬೆಕ್ ಮುಂದೆ ತನ್ನ ಪ್ರಯೋಗಗಳನ್ನು ಅರ್ಥೈಸಿದ ರೀತಿಯಲ್ಲಿ ಈ ವಿಚಾರದ ಛಾಯೆ ಕಾಣುತ್ತದೆ.

ಗಯಟೆ ಆಗ ನ್ಯೂಟನ್ನನ ಸಿದ್ಧಾಂತವನ್ನು ವಿರೋಧಿಸಿ ಬಣ್ಣಗಳ ಕುರಿತು ಗ್ರಂಥವೊಂದನ್ನು ಸಿದ್ಧಪಡಿಸುತ್ತಿದ್ದ. ಸೀಬೆಕ್ ಈ ಕೆಲಸಕ್ಕೆ ನೆರವಾದ. ಸೂರ್ಯನ ಬೆಳಕನ್ನು ಅಶ್ರಗದಿಂದ ಒಡೆದಾಗ ದೊರೆಯುವ ಬಣ್ಣದ ಪಟ್ಟಿಯ ಯಾವ ಭಾಗದಲ್ಲಿ ಎಷ್ಟು ಶಾಖವಿದೆ, ಯಾವ ಭಾಗ ಯಾವ ರಾಸಾಯನಿಕ ಬದಲಾವಣೆಯನ್ನು ಉಂಟುಮಾಡುತ್ತದೆ ಎಂಬುದನ್ನು 1806ರಿಂದ ಪರಿಶೀಲಿಸಿದ. ಬೆಳಕು ತಾಗಿದ ಬೆಳ್ಳಿಯ ಕ್ಲೋರೈಡ್ ಕೆಂಪು ಬೆಳಕಿನಲ್ಲಿ ಕೆಂಪುಛಾಯೆಯನ್ನೂ ಇತರ ಬಣ್ಣಗಳಲ್ಲಿ ಅವುಗಳನ್ನು ಹೋಲುವ ಛಾಯೆಗಳನ್ನೂ ತಳೆಯುವುದನ್ನು ಗುರುತಿಸಿದ. ಈ ವರದಿ 1810ರಲ್ಲಿ ಗಯಟೆಯ ಗ್ರಂಥದೊಡನೆ ಪ್ರಕಟವಾಯಿತು. ಡಗೇರ್ ತನ್ನ ಛಾಯಾಗ್ರಹಣ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು 1839ರಲ್ಲಿ. ಅದಕ್ಕೆ ಮೂರು ದಶಕಗಳಷ್ಟು ಹಿಂದೆಯೇ ಬಣ್ಣವನ್ನು ಅದರ ಬಣ್ಣದಲ್ಲಿಯೇ ಹಿಡಿಯುವ ಈ ಸುಳಿವು ದೊರೆತಿತ್ತಾದರೂ ಆ ಬಣ್ಣಗಳನ್ನು ಮಾಸದಂತೆ ನಿಲ್ಲಿಸುವ ಉಪಾಯ ತಿಳಿದಿರಲಿಲ್ಲ.

ಇದೇ ಅವಧಿಯಲ್ಲಿ, 1808ರಲ್ಲಿ, ಪೊಟ್ಯಾಸಿಯಂ ಮತ್ತು ಪಾದರಸದ ಮಿಶ್ರಲೋಹವನ್ನು ತಯಾರಿಸಿದ. ನಿಕಲ್ ಮತ್ತು ಕೋಬಾಲ್ಟ್ ಲೋಹಗಳ ಕಾಂತಗುಣವನ್ನೂ ಪರಿಶೀಲಿಸಿದ. 1806ರ ಅಕ್ಟೋಬರಿನಲ್ಲಿ ನೆಪೋಲಿಯನ್ನನ ಸೇನೆ ಪ್ರಷ್ಯಾವನ್ನು ಸೋಲಿಸಿದ ಯುದ್ಧ ಈ ಊರಿನ ಬಳಿಯಲ್ಲೇ ನಡೆಯಿತು.

ನ್ಯೂರೆಂಬರ್ಗ್ ವರ್ಷಗಳು

1810ರಲ್ಲಿ ಸೀಬೆಕ್ ಬೈರಾಯ್ಟ್ ನಗರಕ್ಕೂ 1812ರಲ್ಲಿ ನ್ಯೂರೆಂಬರ್ಗಿಗೂ ಹೋಗಿ ನೆಲೆಸಿದ. ಹೆಗೆಲ್ ಆಗ ನ್ಯೂರೆಂಬರ್ಗಿನ ಪ್ರೌಢಶಾಲೆಯೊಂದರ ಮುಖ್ಯಸ್ಥನಾಗಿದ್ದುದರಿಂದ ಹಳೆಯ ಸ್ನೇಹ ಮುಂದುವರಿಯಿತು. ಈ ವರ್ಷಗಳಲ್ಲಿ ಸೀಬೆಕ್ಕನ ಗಮನ ಧ್ರುವೀಕೃತ ಬೆಳಕಿನ ಕಡೆಗೆ ಹರಿಯಿತು. ಕಾಯಿಸಿ ಬೇಗನೆ ತಣಿಸಿದ ಗಾಜಿನ ಒಳಗೆ ಬಿಗುವು ಉಳಿದುಕೊಳ್ಳುತ್ತದೆ. ಅಂಥ ಗಾಜಿನ ಮೂಲಕ ಧ್ರುವೀಕೃತ ಬೆಳಕನ್ನು ಹಾಯಿಸಿದಾಗ ಬಣ್ಣಬಣ್ಣದ ಆಕೃತಿಗಳು ಮೂಡುವುದನ್ನು 1813ರ ಸುಮಾರಿಗೆ ಕಂಡ. ಪ್ಯಾರಿಸ್ಸಿನ ವಿಜ್ಞಾನ ಸಂಸ್ಥೆ 1816ರಲ್ಲಿ ತನ್ನ ಬಹುಮಾನವನ್ನು ಈತನಿಗೂ, ಇದೇ ಕ್ಷೇತ್ರದಲ್ಲಿ ಕೆಲಸ ಮಾಡಿದ್ದ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರನಿಗೂ ಸಮನಾಗಿ ಹಂಚಿತು. ಯಂತ್ರಭಾಗಗಳಲ್ಲಿಯೂ ಗಾಜಿನ ಸಾಮಗ್ರಿಗಳಲ್ಲಿಯೂ ಅಡಗಿದ ಬಿಗುವನ್ನು ಬೆಳಕಿನಿಂದ ಪತ್ತೆಹಚ್ಚುವ ಇಂದಿನ ವಿಧಾನ ಇದೇ ತತ್ತ್ವವನ್ನು ಆಧರಿಸಿದೆ. ಸಕ್ಕರೆಯ ದ್ರಾವಣ ಧ್ರುವೀಕೃತ ಬೆಳಕಿನ ತಲವನ್ನು ತಿರುಗಿಸುವುದನ್ನು 1818ರಲ್ಲಿ ವರದಿ ಮಾಡಿದ.

ಬರ್ಲಿನ್ ಮತ್ತು 1821ರ ಪ್ರಯೋಗ

1818ರಲ್ಲಿ ಸೀಬೆಕ್ ಬರ್ಲಿನ್ನಿಗೆ ಬಂದು ಪ್ರಷ್ಯಾದ ವಿಜ್ಞಾನ ಅಕಾಡೆಮಿಯ ಸದಸ್ಯನಾದ. ಎರಡು ವರ್ಷಗಳ ಬಳಿಕ, 1820ರಲ್ಲಿ, ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ವಿದ್ಯುತ್ತು ಹರಿಯುವ ತಂತಿಯ ಬಳಿ ಕಾಂತಸೂಜಿ ಹೊರಳುತ್ತದೆಂದು ಪ್ರಕಟಿಸಿದ. ಯೂರೋಪಿನ ಪ್ರಯೋಗಶಾಲೆಗಳೆಲ್ಲ ಈ ಶೋಧದ ಹಿಂದೆ ಬಿದ್ದವು. ಸೀಬೆಕ್ಕನೂ ಅದೇ ಜಾಡಿನಲ್ಲಿ ಬೇರೆ ಬೇರೆ ಲೋಹಗಳನ್ನು ಜೋಡಿಸಿ ನೋಡತೊಡಗಿದ. ಆ ಕಾಲದ ವಿದ್ಯುತ್ಕೋಶಗಳಲ್ಲಿ ಎರಡು ಲೋಹಗಳ ನಡುವೆ ಉಪ್ಪುನೀರೋ ಆಮ್ಲವೋ ಇರಬೇಕಾಗಿತ್ತು. ದ್ರವವಿಲ್ಲದೆ ಲೋಹಗಳನ್ನಷ್ಟೇ ಸೇರಿಸಿದರೆ ಏನಾಗಬಹುದು ಎಂಬುದು ಈತನ ಪ್ರಶ್ನೆ.

ಬಿಸ್ಮತ್ ಮತ್ತು ತಾಮ್ರಗಳನ್ನು ಸುತ್ತಾಗಿ ಕೂಡಿಸಿ ಒಳಗೆ ಕಾಂತಸೂಜಿಯನ್ನು ಇರಿಸಿದಾಗ, ಬೆಸುಗೆಯೊಂದನ್ನು ಕೈಯಿಂದ ಹಿಡಿದರೆ ಸೂಜಿ ಕದಲಿತು. ಅಂಗೈಯ ಬಿಸುಪೇ ಅದಕ್ಕೆ ಸಾಕಾಗಿತ್ತು. ದೀಪದಿಂದ ಕಾಯಿಸಿದಾಗ ಸೂಜಿ ಇನ್ನಷ್ಟು ಹೊರಳಿತು. ಎರಡೂ ಬೆಸುಗೆಗಳು ಒಂದೇ ತಾಪದಲ್ಲಿದ್ದರೆ ಸೂಜಿ ಕದಲಲಿಲ್ಲ. ಬಿಸಿಯ ಬೆಸುಗೆಯನ್ನು ತಂಪಾಗಿಸಿ ತಂಪಿನದನ್ನು ಬಿಸಿ ಮಾಡಿದಾಗ ಸೂಜಿ ವಿರುದ್ಧ ದಿಕ್ಕಿಗೆ ಹೊರಳಿತು. ಹೀಗೆ ಶಾಖದ ಪ್ರಮಾಣಕ್ಕಿಂತ ತಾಪಗಳ ಅಂತರವೇ ಮುಖ್ಯವೆಂಬುದು ಖಚಿತವಾಯಿತು.

ಸೀಬೆಕ್ ಅಲ್ಲಿಗೇ ನಿಲ್ಲಲಿಲ್ಲ. ಶುದ್ಧ ಲೋಹಗಳು, ಮಿಶ್ರಲೋಹಗಳು, ಗಣಿಯಿಂದ ಬಂದ ಅದಿರುಗಳು ಹೀಗೆ ಕೈಗೆ ಸಿಕ್ಕ ವಸ್ತುಗಳನ್ನೆಲ್ಲ ಜೋಡಿಸಿ, ಯಾವುದರ ಪರಿಣಾಮ ಎಷ್ಟು ಬಲವಾದುದು, ಯಾವ ದಿಕ್ಕಿನದು ಎಂಬ ಕ್ರಮದಲ್ಲಿ ಪಟ್ಟಿಯೊಂದನ್ನು ಸಿದ್ಧಪಡಿಸಿದ. ಆ ಪಟ್ಟಿಯಲ್ಲಿ ಬಿಸ್ಮತ್ ಒಂದು ಕೊನೆಯ ಕಡೆಗೂ ಆಂಟಿಮನಿ, ಟೆಲ್ಯೂರಿಯಂಗಳು ಇನ್ನೊಂದು ಕೊನೆಯ ಕಡೆಗೂ ನಿಂತವು. ಸೀಸದ ಅದಿರಾದ ಗಲೀನವೂ ಅದರಲ್ಲಿತ್ತು. 1821 ಮತ್ತು 1822ರಲ್ಲಿ ಈ ಫಲಿತಾಂಶಗಳನ್ನು ಅಕಾಡೆಮಿಯ ಮುಂದೆ ಓದಿದ. ಅವು ಅಕಾಡೆಮಿಯ ಸಂಪುಟದಲ್ಲಿ 1825ರಲ್ಲಿ ಅಚ್ಚಾದವು.

ಕಾಂತತೆಯೋ ವಿದ್ಯುತ್ತೋ

ಕಾಂತಸೂಜಿ ಹೊರಳಿದ್ದರಿಂದ ಕಾಂತತೆ ಹುಟ್ಟಿದೆ ಎಂದು ಸೀಬೆಕ್ ನಿರ್ಧರಿಸಿದ. ತಾಪಗಳ ಅಂತರವು ಲೋಹಗಳಿಗೆ ಕಾಂತಧ್ರುವಗಳನ್ನು ನೀಡುತ್ತದೆ ಎಂಬುದು ಈತನ ಸಿದ್ಧಾಂತ. ಅದನ್ನು ಭೂಮಿಗೂ ವಿಸ್ತರಿಸಿದ. ಸಮಭಾಜಕದ ಪ್ರದೇಶ ಬಿಸಿ, ಧ್ರುವಪ್ರದೇಶಗಳು ಹಿಮದಂತೆ ತಣ್ಣಗೆ. ಈ ಅಂತರದಿಂದಲೇ ಭೂಮಿ ಒಂದು ಕಾಂತವಾಗಿದೆ ಎಂದು ಭಾವಿಸಿದ. ಶಾಖ, ಬೆಳಕು, ವಿದ್ಯುತ್ತು, ಕಾಂತತೆಗಳ ಒಳಸಂಬಂಧವನ್ನು ಅರಸುತ್ತ ಬಂದಿದ್ದವನಿಗೆ ಈ ಊಹೆ ಸಹಜವಾಗಿ ಕಂಡಿರಬೇಕು.

ಅರ್ಸ್ಟೆಡ್ ಬೇರೆಯಾಗಿ ಯೋಚಿಸಿದ. ಮುಚ್ಚಿದ ಸುತ್ತಿನಲ್ಲಿ ಮಾತ್ರ ಸೂಜಿ ಹೊರಳುತ್ತದೆ. ಆದ್ದರಿಂದ ಶಾಖದಿಂದ ಹುಟ್ಟುವುದು ವಿದ್ಯುತ್ಪ್ರವಾಹ, ಕಾಂತತೆಯು ಆ ಪ್ರವಾಹದ ಫಲ ಎಂಬುದು ಆತನ ವಿವರಣೆ. ಉಷ್ಣವಿದ್ಯುತ್ ಎಂಬ ಹೆಸರನ್ನು ಕೊಟ್ಟವನೂ ಆತನೇ. 1823ರಲ್ಲಿ ಪ್ಯಾರಿಸ್ಸಿನಲ್ಲಿ ಗಣಿತಜ್ಞ ಫೂರಿಯೆಯೊಡನೆ ಬಿಸ್ಮತ್ ಮತ್ತು ಆಂಟಿಮನಿಯ ತುಂಡುಗಳನ್ನು ಸಾಲಾಗಿ ಕೂಡಿಸಿ, ಒಂದೊಂದು ಬೆಸುಗೆಯ ಪರಿಣಾಮ ಇನ್ನೊಂದರೊಡನೆ ಸೇರುವುದನ್ನು ತೋರಿಸಿದ. ವಿಜ್ಞಾನಿಗಳ ವಲಯ ಅರ್ಸ್ಟೆಡನ ವಿವರಣೆಯನ್ನು ಒಪ್ಪಿತು. ಸೀಬೆಕ್ ಒಪ್ಪಲಿಲ್ಲ. ಅರ್ಸ್ಟೆಡನ ಶೋಧದ ಗುಂಗಿನಲ್ಲಿ ಎಲ್ಲರೂ ಎಲ್ಲೆಲ್ಲೂ ವಿದ್ಯುತ್ತನ್ನೇ ಕಾಣುತ್ತಿದ್ದಾರೆ ಎಂಬುದು ಆತನ ಆಕ್ಷೇಪವಾಗಿತ್ತು.

ಈ ಪಟ್ಟು ಕೇವಲ ಪದದ ಜಗಳವಾಗಿ ಮುಗಿಯುವಂಥದಾಗಿರಲಿಲ್ಲ. ಸುತ್ತಿನಲ್ಲಿ ವಿದ್ಯುತ್ತು ಹರಿಯುತ್ತಿದೆ ಎಂದು ಒಪ್ಪಿದ್ದರೆ ಶಾಖದಿಂದ ಕೆಲಸ ಪಡೆಯುವ ಹೊಸ ಯಂತ್ರದ ಯೋಚನೆ ಮುಂದಿನ ಹೆಜ್ಜೆಯಾಗಬಹುದಿತ್ತು. ಸೀಬೆಕ್ ಪರೀಕ್ಷಿಸಿದ್ದ ವಸ್ತುಗಳಲ್ಲಿ ಇಂದು ಅರೆವಾಹಕಗಳೆಂದು ಕರೆಯುವ ಸೀಸದ ಸಲ್ಫೈಡಿನಂಥ ಅದಿರೂ ಆಂಟಿಮನಿಯ ಸಂಯುಕ್ತಗಳೂ ಇದ್ದವು. ಅವುಗಳಿಂದ ಜನಕವೊಂದನ್ನು ಕಟ್ಟಿದ್ದರೆ ಶಾಖದ ಸುಮಾರು 3 ಪ್ರತಿಶತ ವಿದ್ಯುತ್ತಾಗುತ್ತಿತ್ತು, ಅದು ಆ ಕಾಲದ ಉಗಿಯಂತ್ರಗಳ ದಕ್ಷತೆಗೆ ಹೆಚ್ಚು ಕಡಿಮೆ ಸಮನಾಗಿತ್ತು ಎಂದು ಸೋವಿಯತ್ ಭೌತವಿಜ್ಞಾನಿ ಅಬ್ರಾಂ ಯೋಫೆ 20ನೆಯ ಶತಮಾನದಲ್ಲಿ ಲೆಕ್ಕಹಾಕಿದ. ಫ್ಯಾರಡೆ ವಿದ್ಯುತ್ಕಾಂತ ಪ್ರೇರಣೆಯನ್ನು ಕಂಡುಹಿಡಿದದ್ದು 1831ರಲ್ಲಿ. ತಿರುಗುವ ಜನಕಗಳ ಯುಗ ಆರಂಭವಾದದ್ದು ಅದರ ಬಳಿಕ. ಅಷ್ಟರೊಳಗೆ ಶಾಖದಿಂದ ನೇರವಾಗಿ ವಿದ್ಯುತ್ತು ಪಡೆಯುವ ಮಾರ್ಗಕ್ಕೆ ಹತ್ತು ವರ್ಷಗಳ ಅವಕಾಶವಿತ್ತು. ಅದು ಬಳಕೆಯಾಗದೆ ಹೋಯಿತು.

ಹಾಗೆಂದು ಸೀಬೆಕ್ಕನ ಪ್ರಯೋಗಗಳ ಬೆಲೆ ಕುಗ್ಗುವುದಿಲ್ಲ. ಆತನ ವಿವರಣೆ ಬಿದ್ದುಹೋದರೂ ಅಳತೆಗಳು ಮತ್ತು ವಸ್ತುಗಳ ಪಟ್ಟಿ ಉಳಿದವು.

ಕೊನೆಯ ವರ್ಷಗಳು

ಬರ್ಲಿನ್ನಿನ ವರ್ಷಗಳಲ್ಲಿ ಗಯಟೆಯೊಡನೆ ಇದ್ದ ಹಳೆಯ ಒಡನಾಟ ಸಡಿಲವಾಯಿತು. ಸೀಬೆಕ್ 1831ರ ಡಿಸೆಂಬರ್ 10ರಂದು ಬರ್ಲಿನ್ನಿನಲ್ಲಿ ನಿಧನನಾದ. ಆಗ ಆತನಿಗೆ 61 ವರ್ಷ. ಸ್ನೇಹಿತ ಹೆಗೆಲ್ ಅದೇ ನಗರದಲ್ಲಿ ಕೆಲವೇ ವಾರಗಳ ಹಿಂದೆ, ನವೆಂಬರ್ 14ರಂದು, ತೀರಿಕೊಂಡಿದ್ದ. ಗಯಟೆ ಮುಂದಿನ ಮಾರ್ಚಿಯಲ್ಲಿ ಕಾಲವಾದ.

ಮಗ ಆಗಸ್ಟ್ ಸೀಬೆಕ್ (1805–1849) ಧ್ವನಿವಿಜ್ಞಾನದಲ್ಲಿ ಹೆಸರು ಮಾಡಿದ. ಜಾರ್ಜ್ ಸೈಮನ್ ಓಮ್ 1826ರಲ್ಲಿ ತನ್ನ ಹೆಸರಿನ ನಿಯಮವನ್ನು ಸ್ಥಾಪಿಸಿದಾಗ, ಸ್ಥಿರವಾದ ವಿದ್ಯುತ್ಪ್ರವಾಹಕ್ಕಾಗಿ ತಂದೆ ಸೀಬೆಕ್ ಕಂಡುಹಿಡಿದಿದ್ದ ಬಿಸ್ಮತ್ ಮತ್ತು ತಾಮ್ರದ ಜೋಡಿಯನ್ನೇ ಬಳಸಿದ್ದ. ಒಂದು ತುದಿ ಮಂಜುಗಡ್ಡೆಯಲ್ಲಿ, ಇನ್ನೊಂದು ಕುದಿಯುವ ನೀರಿನಲ್ಲಿ ಇದ್ದುದರಿಂದ ಪ್ರವಾಹ ಏರಿಳಿಯಲಿಲ್ಲ. ಅದೇ ಓಮ್ 1840ರ ದಶಕದಲ್ಲಿ ಸಂಗೀತಸ್ವರಗಳ ಸ್ವರೂಪದ ವಿಷಯದಲ್ಲಿ ಮಗ ಸೀಬೆಕ್ಕನೊಡನೆ ವಾದಕ್ಕೆ ನಿಂತ.

ಸೀಬೆಕ್ ಪರಿಣಾಮದ ಸ್ವರೂಪ

ಲೋಹದಲ್ಲಿ ಅಥವಾ ಅರೆವಾಹಕದಲ್ಲಿ ವಿದ್ಯುದಂಶವುಳ್ಳ ಕಣಗಳು ಚಲಿಸಬಲ್ಲವು. ಒಂದು ತುದಿಯನ್ನು ಕಾಯಿಸಿದಾಗ ಅಲ್ಲಿನ ಕಣಗಳ ಚಲನೆ ಚುರುಕಾಗಿ, ಅವು ತಂಪಾದ ತುದಿಯ ಕಡೆಗೆ ಹರಡಿಕೊಳ್ಳುತ್ತವೆ. ಇದರಿಂದ ಎರಡು ತುದಿಗಳ ನಡುವೆ ವಿಭವಾಂತರ ಉಂಟಾಗುತ್ತದೆ. ಒಂದು ಡಿಗ್ರಿಯ ತಾಪಾಂತರಕ್ಕೆ ದೊರೆಯುವ ವಿಭವಾಂತರವೇ ಆ ವಸ್ತುವಿನ ಸೀಬೆಕ್ ಗುಣಾಂಕ. ಬಿಸ್ಮತ್ ಮತ್ತು ತಾಮ್ರದ ಜೋಡಿಯಲ್ಲಿ ಇದು ಡಿಗ್ರಿಗೆ ಸುಮಾರು 70 ಮೈಕ್ರೋವೋಲ್ಟ್. ಅಂದರೆ 100 ಡಿಗ್ರಿ ಅಂತರವಿದ್ದರೂ ಒಂದು ಜೋಡಿಯಿಂದ ದೊರೆಯುವುದು ಒಂದು ವೋಲ್ಟಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆದ್ದರಿಂದ ಉಪಯುಕ್ತ ಜನಕಕ್ಕೆ ಇಂಥ ಅನೇಕ ಜೋಡಿಗಳನ್ನು ಸರಣಿಯಲ್ಲಿ ಕೂಡಿಸಬೇಕಾಗುತ್ತದೆ.

ಒಳ್ಳೆಯ ಉಷ್ಣವಿದ್ಯುತ್ ವಸ್ತುವಿಗೆ ಮೂರು ಗುಣಗಳು ಬೇಕು: ಹೆಚ್ಚಿನ ಸೀಬೆಕ್ ಗುಣಾಂಕ, ಹೆಚ್ಚಿನ ವಿದ್ಯುದ್ವಾಹಕತೆ, ಕಡಿಮೆ ಉಷ್ಣವಾಹಕತೆ. ಶಾಖ ಬೇಗನೆ ಹರಿದುಹೋದರೆ ಎರಡು ತುದಿಗಳ ತಾಪಾಂತರವೇ ಉಳಿಯುವುದಿಲ್ಲ. ಗುಣಾಂಕದ ವರ್ಗವನ್ನು ವಿದ್ಯುದ್ವಾಹಕತೆಯಿಂದಲೂ ನಿರಪೇಕ್ಷ ತಾಪದಿಂದಲೂ ಗುಣಿಸಿ ಉಷ್ಣವಾಹಕತೆಯಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯಿಂದ ವಸ್ತುವಿನ ಯೋಗ್ಯತೆಯನ್ನು ಅಳೆಯುತ್ತಾರೆ. ತೊಡಕೆಂದರೆ, ಲೋಹಗಳಲ್ಲಿ ವಿದ್ಯುತ್ತನ್ನು ಒಯ್ಯುವ ಕಣಗಳೇ ಶಾಖವನ್ನೂ ಒಯ್ಯುತ್ತವೆ. ಒಂದು ಗುಣವನ್ನು ಹೆಚ್ಚಿಸಹೊರಟರೆ ಇನ್ನೊಂದು ಕೆಡುತ್ತದೆ.

ಮುಂದಿನ ಬೆಳವಣಿಗೆ

ಫ್ರಾನ್ಸಿನ ಜೀನ್ ಪೆಲ್ಟಿಯೆ 1834ರಲ್ಲಿ ಇದರ ವಿಲೋಮ ಪರಿಣಾಮವನ್ನು ಕಂಡ. ಬೆಸುಗೆಯ ಮೂಲಕ ವಿದ್ಯುತ್ತನ್ನು ಹರಿಸಿದರೆ ಒಂದು ಕಡೆ ತಂಪೂ ಇನ್ನೊಂದು ಕಡೆ ಬಿಸಿಯೂ ಉಂಟಾಗುತ್ತದೆ. ವಿಲಿಯಂ ಥಾಮ್ಸನ್, ಅಂದರೆ ಮುಂದಿನ ಲಾರ್ಡ್ ಕೆಲ್ವಿನ್, 1850ರ ದಶಕದಲ್ಲಿ ಇವೆರಡರ ಸಂಬಂಧವನ್ನು ಉಷ್ಣಗತಿವಿಜ್ಞಾನದ ನಿಯಮಗಳಿಂದ ತೋರಿಸಿದ. ಯಾವ ವಸ್ತು ಯೋಗ್ಯ ಎಂಬುದರ ಲೆಕ್ಕಾಚಾರವನ್ನು ಜರ್ಮನಿಯ ಆಲ್ಟೆನ್‌ಕಿರ್ಖ್ 1909–1911ರಲ್ಲಿ ಮಾಡಿದ. ಲೋಹಗಳ ಬದಲು ಅರೆವಾಹಕಗಳನ್ನು ಬಳಸಬೇಕೆಂಬ ಮಾರ್ಗವನ್ನು ಯೋಫೆ ತೋರಿಸಿದ. ವಿದ್ಯುತ್ತಿಲ್ಲದ ಸೋವಿಯತ್ ಹಳ್ಳಿಗಳಲ್ಲಿ ಸೀಮೆಎಣ್ಣೆ ದೀಪದ ಮೇಲೆ ಇರಿಸಿ ರೇಡಿಯೊ ನಡೆಸುವ ಜನಕಗಳು ಎರಡನೆಯ ಮಹಾಯುದ್ಧದ ನಂತರ ಬಳಕೆಗೆ ಬಂದವು. ಬಿಸ್ಮತ್ ಟೆಲ್ಯೂರೈಡಿನ ಯೋಗ್ಯತೆ 1954ರಲ್ಲಿ ತಿಳಿಯಿತು. ಸೀಬೆಕ್ಕನ ಪಟ್ಟಿಯ ಎರಡು ಕೊನೆಗಳ ಧಾತುಗಳು ಇಲ್ಲಿ ಒಂದೇ ಸಂಯುಕ್ತದಲ್ಲಿ ಸೇರಿವೆ. ಸಾಮಾನ್ಯ ತಾಪಗಳಲ್ಲಿ ಇಂದಿಗೂ ಹೆಚ್ಚಾಗಿ ಬಳಸುವ ವಸ್ತು ಇದೇ ಕುಟುಂಬದ್ದು.

1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ ಪ್ಲುಟೋನಿಯಂನಿಂದ ಹೊಮ್ಮುವ ಶಾಖವನ್ನು ಸಿಲಿಕಾನ್ ಮತ್ತು ಜರ್ಮೇನಿಯಂನ ಉಷ್ಣಯುಗ್ಮಗಳು ವಿದ್ಯುತ್ತಾಗಿ ಪರಿವರ್ತಿಸುತ್ತವೆ. ಸೂರ್ಯನ ಬೆಳಕು ಸಾಲದಷ್ಟು ದೂರದಿಂದ ಅವು ದಶಕಗಳ ಕಾಲ ಸಂದೇಶ ಕಳುಹಿಸಲು ಸಾಧ್ಯವಾದದ್ದು ಇದರಿಂದಲೇ.

ತೆಳುಪದರದ ವಸ್ತುಗಳು

1993ರಲ್ಲಿ ಅಮೆರಿಕದ ಹಿಕ್ಸ್ ಮತ್ತು ಮಿಲ್ಡ್ರೆಡ್ ಡ್ರೆಸೆಲ್‌ಹೌಸ್, ವಸ್ತುವನ್ನು ಕೆಲವೇ ನ್ಯಾನೋಮೀಟರ್ ದಪ್ಪದ ಪದರಗಳನ್ನಾಗಿ ಮಾಡಿದರೆ ಯೋಗ್ಯತೆ ಹೆಚ್ಚಬಹುದೆಂದು ಸಿದ್ಧಾಂತದಿಂದ ತೋರಿಸಿದರು. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ಒಂದರ ಮೇಲೊಂದು ಪೇರಿಸಿದ ತೆಳುಪದರಗಳ ಗಡಿಗಳಲ್ಲಿ ಶಾಖವನ್ನು ಒಯ್ಯುವ ಕಂಪನಗಳು ಚದುರುತ್ತವೆ. ವಿದ್ಯುತ್ತನ್ನು ಒಯ್ಯುವ ಕಣಗಳಿಗೆ ಅಷ್ಟು ಅಡ್ಡಿಯಾಗುವುದಿಲ್ಲ. ಹೀಗೆ ಹಳೆಯ ತೊಡಕಿಗೆ ಒಂದು ದಾರಿ ದೊರೆಯಿತು. ಬಿಸ್ಮತ್ ಟೆಲ್ಯೂರೈಡ್ ಮತ್ತು ಆಂಟಿಮನಿ ಟೆಲ್ಯೂರೈಡಿನ ಪದರಗಳನ್ನು ಸರದಿಯಂತೆ ಬೆಳೆಸಿ ಸುಮಾರು 2.4ರಷ್ಟು ಯೋಗ್ಯತೆಯನ್ನು ಪಡೆದುದಾಗಿ ಅಮೆರಿಕದಲ್ಲಿ ರಾಮ ವೆಂಕಟಸುಬ್ರಮಣಿಯನ್ ಮತ್ತು ಸಂಗಡಿಗರು 2001ರಲ್ಲಿ ವರದಿ ಮಾಡಿದರು. ಮಾರುಕಟ್ಟೆಯ ಸಾಮಾನ್ಯ ಬಿಸ್ಮತ್ ಟೆಲ್ಯೂರೈಡಿನದು ಸುಮಾರು 1.

ತೆಳುಪದರಗಳನ್ನು ನಿರ್ವಾತದಲ್ಲಿ ವಸ್ತುವನ್ನು ಆವಿಯಾಗಿಸಿ ಅಥವಾ ವಿದ್ಯುಲ್ಲೇಪನದಿಂದ ಗಾಜು, ಸಿಲಿಕಾನ್, ಬಾಗುವ ಪ್ಲಾಸ್ಟಿಕ್ ಹಾಳೆಗಳ ಮೇಲೆ ಕೂರಿಸಲಾಗುತ್ತದೆ. ದುಬಾರಿ ಟೆಲ್ಯೂರಿಯಂ ಕಡಿಮೆ ಸಾಕು. ಬಿಸಿ ಕೊಳವೆಯ ಮೈಗೆ ಸುತ್ತಬಹುದಾದ ಸಾಧನಗಳೂ ಸಾಧ್ಯ. ಮಿತಿಗಳೂ ಇವೆ. ಪದರ ತೆಳುವಾದಷ್ಟೂ ಅದರ ಎರಡು ಮುಖಗಳ ನಡುವೆ ತಾಪಾಂತರವನ್ನು ಉಳಿಸುವುದು ಕಷ್ಟ. ಪದರಕ್ಕೂ ಲೋಹದ ತಂತಿಗೂ ನಡುವಿನ ಸಂಪರ್ಕದಲ್ಲಿಯೇ ವಿದ್ಯುತ್ತಿನ ಒಂದು ಪಾಲು ನಷ್ಟವಾಗುತ್ತದೆ. ಸಂವೇದಕಗಳು, ಕೈಗಡಿಯಾರಗಳಂಥ ಅಲ್ಪ ವಿದ್ಯುತ್ತು ಬೇಡುವ ಉಪಕರಣಗಳಿಗೆ ಇವು ಹೆಚ್ಚು ಹೊಂದುತ್ತವೆ.

ಕರ್ನಾಟಕದ ಸಂದರ್ಭ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಗಳಲ್ಲಿ ಉಷ್ಣವಿದ್ಯುತ್ ವಸ್ತುಗಳ ಸಂಶೋಧನೆ ನಡೆಯುತ್ತಿದೆ. ಬೆಳ್ಳಿ, ಆಂಟಿಮನಿ ಮತ್ತು ಟೆಲ್ಯೂರಿಯಂಗಳ ಸಂಯುಕ್ತಕ್ಕೆ ಅಲ್ಪ ಕ್ಯಾಡ್ಮಿಯಂ ಬೆರೆಸಿ, ಸುಮಾರು 300 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಸುಮಾರು 2.6ರಷ್ಟು ಯೋಗ್ಯತೆಯನ್ನು ಪಡೆದ ಫಲಿತಾಂಶವನ್ನು ಜಕ್ಕೂರಿನ ಕೇಂದ್ರದ ಸಂಶೋಧಕರು 2021ರಲ್ಲಿ ಪ್ರಕಟಿಸಿದರು. ಇದು ತೆಳುಪದರವಲ್ಲದ ಗಟ್ಟಿ ವಸ್ತು.

ವ್ಯರ್ಥ ಶಾಖದ ಪ್ರಮಾಣವನ್ನು ಅರಿಯಲು ವಿಜಯಪುರ ಜಿಲ್ಲೆಯ ಕೂಡಗಿ ಉದಾಹರಣೆಯಾಗಿದೆ. ಬಸವನ ಬಾಗೇವಾಡಿ ಸೀಮೆಯ ಈ ಊರಿನಲ್ಲಿ ಎನ್‌ಟಿಪಿಸಿಯ 2400 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರವಿದೆ. 800 ಮೆಗಾವಾಟಿನ ಮೂರು ಘಟಕಗಳು. ನೀರು ಆಲಮಟ್ಟಿ ಜಲಾಶಯದ್ದು. ಈ ಬಗೆಯ ಆಧುನಿಕ ಸ್ಥಾವರಗಳಲ್ಲಿಯೂ ಕಲ್ಲಿದ್ದಲಿನ ಶಾಖದ ಐದು ಪಾಲಿನಲ್ಲಿ ಸುಮಾರು ಎರಡು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಉಳಿದದ್ದು ಬಹುಮಟ್ಟಿಗೆ ತಂಪುಗೋಪುರಗಳ ಮೂಲಕವೂ ಹೊಗೆಗೊಳವೆಯ ಮೂಲಕವೂ ಗಾಳಿಗೆ ಸೇರುತ್ತದೆ. ಆದರೆ ಅದನ್ನು ಮರಳಿ ಹಿಡಿಯುವುದು ಸುಲಭವಲ್ಲ. ತಂಪುಗೋಪುರದ ನೀರು ಸುತ್ತಲಿನ ಗಾಳಿಗಿಂತ ಸ್ವಲ್ಪವೇ ಬಿಸಿ. ದೇವರ ಹಿಪ್ಪರಗಿ, ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿಗೆ ಏರುತ್ತದೆ. ಸೀಬೆಕ್ ಕಂಡಂತೆ ಮುಖ್ಯವಾದುದು ತಾಪಗಳ ಅಂತರ. ಬಿಸಿಯ ಕಡೆ ಎಷ್ಟು ಮುಖ್ಯವೋ ತಂಪಿನ ಕಡೆಯೂ ಅಷ್ಟೇ ಮುಖ್ಯ. ಆದ್ದರಿಂದ ಕುಲುಮೆ, ಸಿಮೆಂಟ್ ಗೂಡು, ಸಕ್ಕರೆ ಕಾರ್ಖಾನೆಯ ಬಾಯ್ಲರ್, ಆಲೆಮನೆಯ ಒಲೆಗಳಂಥ ಹೆಚ್ಚಿನ ತಾಪದ ಮೂಲಗಳಲ್ಲಿ ಈ ವಿಧಾನಕ್ಕೆ ಹೆಚ್ಚು ಅವಕಾಶವಿದೆ.

ಗೌರವ

ಸೀಬೆಕ್ ಪರಿಣಾಮ ಮತ್ತು ಸೀಬೆಕ್ ಗುಣಾಂಕ ಎಂಬ ಹೆಸರುಗಳು ಭೌತವಿಜ್ಞಾನದಲ್ಲಿ ಸ್ಥಿರವಾಗಿವೆ. ಆತ ಸೂಚಿಸಿದ ಉಷ್ಣಕಾಂತತೆ ಎಂಬ ಹೆಸರು ಈ ವಿದ್ಯಮಾನಕ್ಕೆ ನಿಲ್ಲಲಿಲ್ಲ. ಆತ ವಿರೋಧಿಸಿದ ಉಷ್ಣವಿದ್ಯುತ್ ಎಂಬ ಶಾಖೆಯ ಮೊದಲ ಹೆಸರಾಗಿ ಸೀಬೆಕ್ಕನನ್ನೇ ಸ್ಮರಿಸಲಾಗುತ್ತದೆ. ಅಡುಗೆ ಅನಿಲದ ಉಪಕರಣಗಳಲ್ಲಿ ಉರಿ ಆರಿದೊಡನೆ ಅನಿಲವನ್ನು ತಡೆಯುವ ಸುರಕ್ಷಾ ಕವಾಟದಿಂದ ಹಿಡಿದು ಉಕ್ಕಿನ ಕಾರ್ಖಾನೆಯ ತಾಪಮಾಪಕದವರೆಗೆ ಆತನ ಎರಡು ಲೋಹಗಳ ಜೋಡಿ ದಿನನಿತ್ಯದ ಬಳಕೆಯಲ್ಲಿದೆ.